ಆರಿದ್ರಾ ಮಳೆಗೆ ಮುನ್ನ: ಊರಿನ ರಕ್ಷಣಾ ಸಿದ್ಧತೆಗೆ ಸರ್ಕಾರದ ಹಣ ಪಡೆಯುವುದು ಹೇಗೆ?

ಧರೆ ಕುಸಿದು ರಸ್ತೆ ಮುಚ್ಚಿಹೋದ ರಾತ್ರಿ, ತೀರ್ಥಹಳ್ಳಿಯಿಂದಲೋ ಹೊಸನಗರದಿಂದಲೋ ಅಗ್ನಿಶಾಮಕ ವಾಹನ ಹೊರಟು ಬರುವ ಮೊದಲೇ ಗುಡ್ಡದಂಚಿನ ಒಂಟಿಮನೆಯನ್ನು ತಲುಪುವವರು ನೆರೆಮನೆಯವರೇ. ಅವರ ಕೈಗೆ ಗಟ್ಟಿ ಹಗ್ಗ, ಮರ ಕೊಯ್ಯುವ ಯಂತ್ರ, ಒಳ್ಳೆಯ ಟಾರ್ಚು ಮತ್ತು ಒಂದು ಸ್ಟ್ರೆಚರ್ ಮೊದಲೇ ಸಿಕ್ಕಿರಬೇಕು. ಅವನ್ನು ಬಳಸುವ ತರಬೇತಿಯೂ ಆಗಿರಬೇಕು. ಇವೆರಡಕ್ಕೂ ಸರ್ಕಾರದಲ್ಲಿ ಹಣವಿದೆ. ಆದರೆ ಹಾನಿಯಾದ ಮೇಲೆ ಪರಿಹಾರ ಕೇಳುವ ದಾರಿಯೇ ಬೇರೆ, ಹಾನಿಗೆ ಮುನ್ನ ಸಿದ್ಧತೆಗೆ ಹಣ ಕೇಳುವ ದಾರಿಯೇ ಬೇರೆ. ಹೆಚ್ಚಿನ ಅರ್ಜಿಗಳು ಎಡವುವುದು ಈ ಎರಡನ್ನು ಬೆರೆಸುವುದರಿಂದ.

ಮೊದಲು ಹಣ ಯಾವ ಚೀಲದಲ್ಲಿದೆ ಎಂಬುದನ್ನು ತಿಳಿಯಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 48ನೇ ಕಲಂ ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಸ್ಪಂದನೆಗೆ ಒಂದು, ಹಾನಿ ತಗ್ಗಿಸುವುದಕ್ಕೆ ಇನ್ನೊಂದು ನಿಧಿಯನ್ನು ಹೇಳುತ್ತದೆ. 15ನೇ ಹಣಕಾಸು ಆಯೋಗವು 2021-26ರ ಅವಧಿಗೆ ರಾಜ್ಯಗಳ ಒಟ್ಟು ವಿಪತ್ತು ನಿಧಿಯನ್ನು ನೂರು ಪಾಲೆಂದು ಲೆಕ್ಕ ಹಾಕಿ, ಸ್ಪಂದನೆ ಮತ್ತು ಪರಿಹಾರಕ್ಕೆ 40, ಪುನರ್ನಿರ್ಮಾಣಕ್ಕೆ 30, ಸಿದ್ಧತೆ ಹಾಗೂ ಸಾಮರ್ಥ್ಯ ವೃದ್ಧಿಗೆ 10, ಹಾನಿ ತಗ್ಗಿಸುವ ಕೆಲಸಕ್ಕೆ 20 ಎಂದು ಹಂಚಿತು. ಕರ್ನಾಟಕದಂಥ ರಾಜ್ಯಗಳಲ್ಲಿ ಇದರ ಶೇ 75ನ್ನು ಕೇಂದ್ರ, ಶೇ 25ನ್ನು ರಾಜ್ಯ ಭರಿಸುವ ಏರ್ಪಾಡಿತ್ತು. ನಮ್ಮ ಹಗ್ಗ, ಸ್ಟ್ರೆಚರ್, ತರಬೇತಿಗಳಿಗೆ ಒಪ್ಪುವುದು ಆ ಹತ್ತು ಪಾಲಿನ ಚೀಲ. (ಎಸ್‌ಡಿಆರ್‌ಎಫ್ ಎಂಬ ಹೆಸರು ರಾಜ್ಯದ ವಿಪತ್ತು ಸ್ಪಂದನಾ ನಿಧಿಗೂ ಇದೆ, ರಾಜ್ಯದ ರಕ್ಷಣಾ ಪಡೆಗೂ ಇದೆ, ಪತ್ರದಲ್ಲಿ ಬರೆಯುವಾಗ ಯಾವುದೆಂದು ಬಿಡಿಸಿ ಹೇಳುವುದು ಒಳಿತು.) ಇನ್ನು ಪೌರರಕ್ಷಣೆ 1968ರ ಬೇರೆಯೇ ಕಾಯ್ದೆಯಡಿ ಬರುತ್ತದೆ. ಗ್ರಾಮ ಪಂಚಾಯಿತಿ ತಾನೇ ಪೌರರಕ್ಷಣಾ ಘಟಕ ತೆರೆಯಲಾಗದು. ಆದರೆ ಸ್ವಯಂಸೇವಕರ ತರಬೇತಿಗಾಗಿ ಜಿಲ್ಲಾ ಗೃಹರಕ್ಷಕ ದಳದ ಸಮಾದೇಷ್ಟರಿಗೆ ಪತ್ರ ಬರೆಯಲು ಅಡ್ಡಿಯಿಲ್ಲ.

ಎರಡನೆಯ ಹೆಜ್ಜೆ ಅಪಾಯದ ಪಟ್ಟಿ. ಇಡೀ ಪ್ರಸ್ತಾವ ನಿಲ್ಲುವುದು ಇದರ ಮೇಲೆ, ಆದ್ದರಿಂದ ಇಲ್ಲಿ ಸೋಮಾರಿತನ ಸಲ್ಲದು. 'ನಮ್ಮ ಊರಿನಲ್ಲಿ ಮಳೆ ಜಾಸ್ತಿ' ಎಂದು ಬರೆದರೆ ಪ್ರಯೋಜನವಿಲ್ಲ. ಆಗುಂಬೆ, ಹುಲಿಕಲ್‌ಗಳಿರುವ ಶಿವಮೊಗ್ಗ ಜಿಲ್ಲೆಯಲ್ಲಿ ಅದು ಯಾರಿಗೂ ಹೊಸ ಸುದ್ದಿಯಲ್ಲ. ಯಾವ ಹಳ್ಳದ ಯಾವ ಕಾಲುಸಂಕ ನೀರಿನಲ್ಲಿ ಮುಳುಗುತ್ತದೆ, ಮುಳುಗಿದಾಗ ಎಷ್ಟು ಮನೆಗಳಿಗೆ ದಾರಿ ಕಡಿಯುತ್ತದೆ, ಧರೆ ಕಡಿದು ಕಟ್ಟಿದ ಮನೆಗಳು ಎಷ್ಟು, ಹಾಸಿಗೆ ಹಿಡಿದವರು ಮತ್ತು ಗರ್ಭಿಣಿಯರು ಯಾವ ಮನೆಗಳಲ್ಲಿದ್ದಾರೆ, ಕರೆಂಟು ಹೋದೊಡನೆ ಮೊಬೈಲ್ ನೆಟ್‌ವರ್ಕ್ ಎಲ್ಲೆಲ್ಲಿ ಸಾಯುತ್ತದೆ ಎಂಬುದನ್ನು ವಾರ್ಡ್‌ವಾರು ಬರೆದುಕೊಳ್ಳಬೇಕು. ಹಿಂದಿನ ಘಟನೆಗಳಿಗೆ ದಿನಾಂಕ ಹಾಕಬೇಕು. ಮಳೆಯ ಅಂಕಿಅಂಶಕ್ಕೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಪಂಚಾಯಿತಿ ಮಟ್ಟದ ಮಾಪಕಗಳ ದಾಖಲೆಯನ್ನು ಬಳಸಬಹುದು. ಅಪಾಯವೆಂದರೆ ಮಳೆಯೊಂದೇ ಅಲ್ಲ ಎಂಬುದನ್ನು ಶಿವಮೊಗ್ಗದವರಿಗೆ ಹೇಳಬೇಕಿಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಬಳಿಯ ಹುಣಸೋಡಿನಲ್ಲಿ ಕಲ್ಲುಕ್ವಾರಿಯ ಸ್ಫೋಟಕ ಸಿಡಿದದ್ದು ಮಳೆಗಾಲದಲ್ಲಲ್ಲ. ಸುತ್ತಮುತ್ತ ಕಲ್ಲುಕ್ವಾರಿ, ಅನಿಲ ಗೋದಾಮುಗಳಿದ್ದರೆ ಅವೂ ಪಟ್ಟಿಗೆ ಸೇರಲಿ.

ಮೂರನೆಯದು ನಡವಳಿ, ಅಂದರೆ ಸಭೆಯ ನಿರ್ಣಯದ ದಾಖಲೆ. ಪಟ್ಟಿಯನ್ನು ವಾರ್ಡ್ ಸಭೆಯಲ್ಲಿ ಓದಿ, ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, ಪಂಚಾಯಿತಿಯ ಮುಂದಿನ ವರ್ಷದ ಅಭಿವೃದ್ಧಿ ಯೋಜನೆಗೆ ಸೇರಿಸಬೇಕು. ಈ ಯೋಜನೆಯ ಸಿದ್ಧತೆ ಸಾಮಾನ್ಯವಾಗಿ ಗಾಂಧಿ ಜಯಂತಿಯ ಹೊತ್ತಿಗೆ ಶುರುವಾಗುತ್ತದೆ. ಆಷಾಢದಲ್ಲಿ ಕೊಡೆ ಹಿಡಿದು ತಾಲ್ಲೂಕು ಕಚೇರಿಗೆ ಹೋಗುವವರು ಒಂಬತ್ತು ತಿಂಗಳು ತಡವಾಗಿ ಹೋಗಿರುತ್ತಾರೆ. ನಿರ್ಣಯದ ಭಾಷೆಯೂ ಮುಖ್ಯ: 'ಸಂಕ ದುರಸ್ತಿ' ಎಂದರೆ ಕಡತ ಕಾಮಗಾರಿ ವಿಭಾಗಕ್ಕೆ ಹೋಗುತ್ತದೆ, 'ವಿಪತ್ತು ಸಿದ್ಧತೆ ಮತ್ತು ಸಾಮರ್ಥ್ಯ ವೃದ್ಧಿಗಾಗಿ ರಕ್ಷಣಾ ಸಾಮಗ್ರಿ ಹಾಗೂ ತರಬೇತಿ' ಎಂದರೆ ಹೋಗಬೇಕಾದಲ್ಲಿಗೆ ಹೋಗುತ್ತದೆ. ಸಿಬ್ಬಂದಿಗೆ ತರಬೇತಿ ಕೊಡಿಸುವುದು, ಸಂಪನ್ಮೂಲಗಳನ್ನು ಬಳಕೆಗೆ ಸಿದ್ಧವಾಗಿಡುವುದು ಸ್ಥಳೀಯ ಸಂಸ್ಥೆಯ ಕರ್ತವ್ಯವೆಂದು ವಿಪತ್ತು ನಿರ್ವಹಣಾ ಕಾಯ್ದೆಯ 41ನೇ ಕಲಂ ಹೇಳುತ್ತದೆ. ನಡವಳಿಯಲ್ಲಿ ಈ ಕಲಮನ್ನು ಕಾಣಿಸಿದರೆ ಬೇಡಿಕೆಗೆ ಬಲ ಬರುತ್ತದೆ.

ನಂತರ ಬೇಡಿಕೆಯನ್ನು ಒಡೆಯಬೇಕು. ಟಾರ್ಚು, ಟಾರ್ಪಾಲು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಂಥ ಸಣ್ಣ ಖರ್ಚುಗಳನ್ನು ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲೋ ಇಂಥದ್ದಕ್ಕೇ ಎಂಬ ಕಟ್ಟಿಲ್ಲದ ಅನಿರ್ಬಂಧಿತ ಅನುದಾನದಲ್ಲೋ ಭರಿಸಬಹುದು. ಯಂತ್ರ, ಜನರೇಟರ್, ತರಬೇತಿಗಳು ಹತ್ತು ಪಾಲಿನ ಆ ಸಿದ್ಧತಾ ಚೀಲಕ್ಕೆ. ಧರೆಯ ನೀರು ಹರಿದುಹೋಗುವ ಚರಂಡಿ, ಇಳಿಜಾರಿನಲ್ಲಿ ಗಿಡ ನೆಡುವಂಥ ಕೆಲಸಗಳು ಹಾನಿ ತಗ್ಗಿಸುವ ನಿಧಿಗೆ. ದೊಡ್ಡ ತಡೆಗೋಡೆ, ನದಿದಂಡೆಯ ಏರಿಗಳನ್ನು ಈ ನಿಧಿಯ ಮಾರ್ಗಸೂಚಿಯೇ ಮಾಮೂಲಿ ಅಭಿವೃದ್ಧಿ ಯೋಜನೆಗಳಿಗೆ ಬಿಟ್ಟಿದೆ. ಅವನ್ನು ಇದರೊಳಗೆ ತುರುಕಿದರೆ ಉಳಿದ ಬೇಡಿಕೆಗಳೂ ಅದರೊಂದಿಗೆ ಮುಳುಗುತ್ತವೆ.

ಅಂದಾಜು ಪಟ್ಟಿ, ದರಪಟ್ಟಿ, ನಡವಳಿಯ ಪ್ರತಿಗಳೊಂದಿಗೆ ಪ್ರಸ್ತಾವವನ್ನು ಪಿಡಿಒ ಮೂಲಕ ತಹಶೀಲ್ದಾರರಿಗೆ ಸಲ್ಲಿಸಿ, ಜಿಲ್ಲಾಧಿಕಾರಿಗಳಿಗೂ ಪ್ರತಿ ಕಳುಹಿಸಬೇಕು. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ಅವರೇ. ಜಿಲ್ಲಾ ಯೋಜನೆಯನ್ನು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕೆಂಬ ನಿಯಮವಿರುವುದರಿಂದ, ಊರಿನ ಪಟ್ಟಿಯನ್ನು ಅದರಲ್ಲಿ ಸೇರಿಸುವಂತೆ ಪ್ರತ್ಯೇಕವಾಗಿ ಕೋರುವುದು ಜಾಣತನ. ಸ್ವೀಕೃತಿ ಮುದ್ರೆ ಇಲ್ಲದೆ ಹಿಂದಿರುಗಬಾರದು. ಹಿಂಬರಹ ಬಾರದಿದ್ದರೆ ಮಾಹಿತಿ ಹಕ್ಕಿನಡಿ ಕಡತದ ಸ್ಥಿತಿ ಕೇಳಬಹುದು. ಉತ್ತರಕ್ಕೆ 30 ದಿನಗಳ ಗಡುವಿದೆ.

ಮಂಜೂರಾದ ಮೇಲೆ ಖರೀದಿಯಲ್ಲಿ ಅವಸರ ಬೇಡ. ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆ ಕಾಯ್ದೆಯ 4(ಎ) ಕಲಮಿನ ಟೆಂಡರ್ ವಿನಾಯಿತಿ ಸರ್ಕಾರ ವಿಕೋಪ ಅಥವಾ ತುರ್ತುಸ್ಥಿತಿಯನ್ನು ಘೋಷಿಸಿದ ಕಾಲಕ್ಕೆ ಮಾತ್ರ. ಬೇಸಿಗೆಯ ಮುಂಜಾಗ್ರತಾ ಖರೀದಿಗೆ ಅದನ್ನು ತೋರಿಸಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಖಂಡಿತ. ಬಂದ ಸಾಮಾನು ದಾಸ್ತಾನು ಪುಸ್ತಕಕ್ಕೆ ಏರಲಿ, ಪಂಚಾಯಿತಿ ಕಟ್ಟಡ ಹಳ್ಳದ ಆಚೆಗಿದ್ದರೆ ಒಂದು ಪಾಲು ಈಚೆಯ ಶಾಲೆಯಲ್ಲಿರಲಿ. ಮೇ ಕೊನೆಯ ವಾರದಲ್ಲಿ ಮರ ಕೊಯ್ಯುವ ಯಂತ್ರಕ್ಕೆ ಎಣ್ಣೆ ಹಾಕಿ ಒಮ್ಮೆ ಚಾಲೂ ಮಾಡಿ ನೋಡಬೇಕು, ಮತ್ತು ಕೊಠಡಿಯ ಬೀಗದ ಕೈ ಯಾವ ಇಬ್ಬರ ಬಳಿ ಇದೆಯೆಂಬುದನ್ನು ಜಿಲ್ಲಾ ಸಹಾಯವಾಣಿ 1077ರ ಜೊತೆಗೆ ಸೂಚನಾ ಫಲಕದ ಮೇಲೆ ದಪ್ಪಕ್ಷರದಲ್ಲಿ ಬರೆಸಬೇಕು.