ಬೂದಿ ಇಟ್ಟಿಗೆ ಮಾಡುವುದು ಹೇಗೆ? ಅವಸರವಿದ್ದರೆ ಬೇಡ

ಕಲ್ಲಿದ್ದಲು ವಿದ್ಯುತ್ ಸ್ಥಾವರವಿರುವ ರಾಯಚೂರಿನ ಶಕ್ತಿನಗರದಂಥ ಕಡೆ ಹಾರುಬೂದಿಗೆ, ಅಂದರೆ ಹೊಗೆಯ ಜೊತೆ ಹಾರುವ ನುಣ್ಣನೆ ಬೂದಿಗೆ, ಬರವಿಲ್ಲ. ನಮ್ಮ ದೇಶದ ಕಲ್ಲಿದ್ದಲು ಉರಿದರೆ ಮೂರರಲ್ಲಿ ಒಂದು ಪಾಲು ಬೂದಿಯೇ ಉಳಿಯುತ್ತದೆ. ಅದನ್ನು ಇಟ್ಟಿಗೆ ಮಾಡಿದರೆ ಕೆರೆಯ ಮಣ್ಣೂ ಉಳಿಯುತ್ತದೆ, ಭಟ್ಟಿಯ ಸೌದೆಯೂ ಉಳಿಯುತ್ತದೆ. ಆದರೂ ಮೂಲೆ ಉದುರುವ ಇಟ್ಟಿಗೆ ಲಾರಿಗಟ್ಟಲೆ ಬರುತ್ತಲೇ ಇದೆ. ಬೈಗುಳ ಮಾತ್ರ ಬೂದಿಗೆ!

ಮೊದಲು ಬೂದಿ ಆರಿಸಿ. ಚಿಮಣಿಗೆ ಹೋಗುವ ಮುಂಚೆ, ಹೊಗೆಯಲ್ಲಿನ ಬೂದಿಯನ್ನು ವಿದ್ಯುತ್ತಿನಿಂದ ಸೆಳೆಯುವ ಇಎಸ್‌ಪಿ ಯಂತ್ರ ಹಿಡಿದಿಟ್ಟ ಒಣ ಬೂದಿಯೇ ಬೇಕು. ಸ್ಥಾವರದ ಬೂದಿ ಹೊಂಡದಿಂದ ತೋಡಿದ್ದು ಅಗ್ಗ, ಆದರೆ ಅದರಲ್ಲಿ ಬಾಯ್ಲರ್ ತಳದ ದಪ್ಪ ಬೂದಿ ಸೇರಿರುತ್ತದೆ. ಬೆರಳಲ್ಲಿ ತಿಕ್ಕಿ ನೋಡಿ. ಮುಖದ ಪೌಡರ್‌ನಂತೆ ಜಾರಬೇಕು. ತೀರಾ ಕಪ್ಪಗಿದ್ದರೆ ಸುಡದ ಇದ್ದಿಲು ಜಾಸ್ತಿ ಇದೆ ಎಂದರ್ಥ, ಬೇಡ ಅನ್ನಿ.

100 ಕೆಜಿ ಮಿಶ್ರಣಕ್ಕೆ ಬೂದಿ 55, ಜಲ್ಲಿಪುಡಿ 20, ಸುಣ್ಣ 20, ಜಿಪ್ಸಂ 5 ಕೆಜಿ. ಅಸಿಟಿಲಿನ್ ಕಾರ್ಖಾನೆಯ ಸುಣ್ಣದ ಕೆಸರು, ರಸಗೊಬ್ಬರ ಕಾರ್ಖಾನೆಯ ಫಾಸ್ಫೋಜಿಪ್ಸಂ ಸಿಕ್ಕರೆ ಅವೂ ನಡೆಯುತ್ತವೆ. ಸುಣ್ಣ ಪೂರ್ತಿ ಅರಳಿರಲಿ. ಅರಳದ ಹರಳು ಗೋಡೆ ಎದ್ದ ಮೇಲೆ ಉಬ್ಬಿ ಇಟ್ಟಿಗೆಯನ್ನು ಸಿಡಿಸುತ್ತದೆ. ನೀರು ಎಷ್ಟು ಅಂತೀರಾ? ಹಿಡಿ ಕಟ್ಟಿದರೆ ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು. ಪ್ರೆಸ್‌ಗೆ ಹಾಕಿ ಒತ್ತಿ.

ಎಲ್ಲರೂ ಎಡವುವುದು ಇಲ್ಲಿಂದ ಮುಂದೆ. ಪ್ರೆಸ್‌ನಿಂದ ಬಂದ ಇಟ್ಟಿಗೆ ಗಟ್ಟಿ ಕಾಣುತ್ತದೆ, ಅದು ಸುಮ್ನೆ ಒತ್ತಡದ ಗಟ್ಟಿತನ. ಬೂದಿಯಲ್ಲಿರುವ ಸಿಲಿಕಾ ಸುಣ್ಣದ ಜೊತೆ ನಿಧಾನಕ್ಕೆ ಕೂಡಿಕೊಂಡಾಗಲೇ ಬಲ ಬರುವುದು. ನಡುವೆ ನೀರು ಆರಿದರೆ ಆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಮೊದಲ ಎರಡು ದಿನ ಇಟ್ಟಿಗೆಯನ್ನು ಹಲಗೆಯಿಂದ ಎತ್ತಬೇಡಿ. ನೆರಳಲ್ಲಿಟ್ಟು ಒದ್ದೆ ಗೋಣಿಚೀಲ ಹೊದಿಸಿ. ಪೈಪ್ ಹಿಡಿದು ನೀರು ಹೊಡೆದರೆ ಅಂಚು ತೊಳೆದು ಹೋಗುತ್ತದೆ. ಆಮೇಲೆ ಬೆರಳು ತೂರುವಷ್ಟು ಸಂದು ಬಿಟ್ಟು ಜೋಡಿಸಿ. ಒತ್ತೊತ್ತಾಗಿ ಪೇರಿಸಿದರೆ ಹೊರಗಿನ ಸಾಲು ಮಾತ್ರ ನೀರು ಕುಡಿಯುತ್ತದೆ. ಲಾರಿಯಿಂದ ಇಳಿಸುವಾಗ ಮುರಿಯುವುದು ಒಳಗಿನ ಸಾಲಿನವೇ. ದಿನಕ್ಕೆ ಮೂರು ಸಲ ನೀರು ಹಾಕಿ. ಎರಡು ವಾರ ಸಾಕು ಅನ್ನುವವರಿದ್ದಾರೆ, ನನ್ನ ಕೇಳಿದರೆ 21 ದಿನ. ರಾಯಚೂರಿನ ಏಪ್ರಿಲ್ ಬಿಸಿಲಿಗೆ ನೆರಳುಬಲೆ ಕಟ್ಟದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಮೂರೇ ದಿನಕ್ಕೆ ಗಟ್ಟಿ ಮಾಡುತ್ತೇವೆ ಅಂತ ಪುಡಿ ಮಾರುವವರೂ ಬರುತ್ತಾರೆ. ಆ ದುಡ್ಡಿಗೆ ಇನ್ನಷ್ಟು ಗೋಣಿಚೀಲ ತನ್ನಿ. 28 ದಿನ ತುಂಬುವ ತನಕ ಮಾರಾಟದ ಮಾತೇ ಬೇಡ.

ಕೊಳ್ಳುವವರಿಗೂ ಒಂದು ಮಾತು. ಬಣ್ಣ ನೋಡಿ ಮರುಳಾಗಬೇಡಿ, ಸಿಮೆಂಟ್ ನೀರು ಬಳಿದರೆ ಎಂಥದ್ದೂ ಚೆಂದವೇ ಅಲ್ವಾ? ಚೆನ್ನಾಗಿ ಒಣಗಿದ ಇಟ್ಟಿಗೆ ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ, ಮೇಲ್ಮೈ ಒರೆಸಿ ಮತ್ತೆ ತೂಗಿ. ಬೂದಿ ಇಟ್ಟಿಗೆಯ ಭಾರತೀಯ ಮಾನದಂಡ ಐಎಸ್ 12894 ಪ್ರಕಾರ ಸಾಮಾನ್ಯ ದರ್ಜೆಯ ಇಟ್ಟಿಗೆ ತನ್ನ ತೂಕದ ಶೇ 20ಕ್ಕಿಂತ ಹೆಚ್ಚು ನೀರು ಹೀರಬಾರದು. 3 ಕೆಜಿಯ ಇಟ್ಟಿಗೆ ಹೀರಿದ ನೀರು 600 ಗ್ರಾಂ ದಾಟಿತೋ, ಲೋಡ್ ಇಳಿಸಿಕೊಳ್ಳಬೇಡಿ.