ಡೈಪರ್‌ನಲ್ಲಿ ಕಂಡ ಶಂಟ್ ಟ್ಯೂಬ್

"ಡಾಕ್ಟ್ರೇ, ಮಗು ಕಕ್ಕಕ್ಕೆ ತಿಣುಕುವಾಗ ಬಿಳಿ ದಾರದ ತರ ಏನೋ ಹೊರಗೆ ಬಂತು, ಆಮೇಲೆ ತಾನೇ ಒಳಗೆ ಹೋಯ್ತು. ಜಂತುಹುಳ ಇರಬೇಕು ಅಂದ್ಕೊಂಡೆ." 14 ತಿಂಗಳ ಮಗುವಿನ ತಾಯಿ ಹೀಗೆ ಹೇಳಿದ ಕೂಡಲೇ ನಾನು ಕುರ್ಚಿಯಿಂದ ಎದ್ದೆ. ತಲೆಯಲ್ಲಿ ನೀರು ತುಂಬಿದ್ದ ಆ ಮಗುವಿಗೆ 3 ತಿಂಗಳಿದ್ದಾಗ ಶಂಟ್ ಹಾಕಿದ್ದೆ. ಅವರು ನೋಡಿದ್ದು ಹುಳ ಅಲ್ಲ, ನಾನೇ ಹಾಕಿದ ಟ್ಯೂಬಿನ ತುದಿ.

ಶಂಟ್ ಅಂದರೆ ಮೆದುಳಿನ ಒಳಗಿನ ಕುಳಿಯಲ್ಲಿ ಜಾಸ್ತಿಯಾದ ನೀರನ್ನು ಹೊಟ್ಟೆಯೊಳಗೆ, ಕರುಳಿನ ಸುತ್ತಲಿನ ಜಾಗಕ್ಕೆ ಇಳಿಸುವ ಸಿಲಿಕೋನ್ ಟ್ಯೂಬು. ಕಿವಿಯ ಹಿಂದಿನಿಂದ ಕತ್ತು, ಎದೆ ದಾಟಿ ಚರ್ಮದ ಕೆಳಗೇ ಸಾಗುತ್ತದೆ. ಮಗು ಬೆಳೆಯುತ್ತದಲ್ಲ, ಅದಕ್ಕೇ ಹೊಟ್ಟೆಯೊಳಗೆ ಉದ್ದ ಬಿಟ್ಟಿರುತ್ತೇವೆ. ಆ ತುದಿ ಕರುಳಿನ ಒಂದೇ ಜಾಗಕ್ಕೆ ತಿಂಗಳುಗಟ್ಟಲೆ ಒತ್ತುತ್ತಾ ಇದ್ದರೆ ನಿಧಾನವಾಗಿ ಗೋಡೆ ಕೊರೆದು ಒಳಗೆ ಹೋಗಬಹುದು, ಅಲ್ಲಿಂದ ಕರುಳಿನ ಚಲನೆಯೇ ಅದನ್ನು ಕೆಳಗೆ ತಳ್ಳುತ್ತದೆ. ನೂರು ಶಂಟ್‌ಗಳಲ್ಲಿ ಒಂದಕ್ಕೂ ಹೀಗಾಗುವುದಿಲ್ಲ, ಅಷ್ಟು ಅಪರೂಪ.

ಮೋಸ ಹೋಗುವುದು ಹೊಟ್ಟೆ ಮುಟ್ಟಿ ನೋಡಿದಾಗ. ಕರುಳು ತೂತಾದರೆ ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಬೇಕು ಅಂತ ನಾವೆಲ್ಲ ಕಲಿತಿರುತ್ತೇವೆ, ಅಲ್ವಾ? ಈ ಮಕ್ಕಳಲ್ಲಿ ಬಹಳ ಸಲ ಹಾಗಾಗುವುದೇ ಇಲ್ಲ. ಟ್ಯೂಬಿನ ಸುತ್ತ ದೇಹ ಒಂದು ಗಟ್ಟಿ ಪೊರೆ ಕಟ್ಟಿಕೊಂಡಿರುತ್ತದೆ, ತೂತಿನಿಂದ ಮಲ ಹೊರಗೆ ಸೋರುವುದಿಲ್ಲ. ಆದರೆ ಕರುಳಿನ ಸೂಕ್ಷ್ಮಜೀವಿಗಳು ಟ್ಯೂಬ್ ಹಿಡಿದು ಮೆದುಳಿನವರೆಗೆ ಹತ್ತಬಹುದು. ಹಿಂದೊಮ್ಮೆ ಶಂಟ್ ಇದ್ದ ಇನ್ನೊಂದು ಮಗುವಿಗೆ ಜ್ವರ ಬಂದು, ಮೆದುಳಿನ ನೀರಿನಲ್ಲಿ ಇ. ಕೊಲೈ ಬ್ಯಾಕ್ಟೀರಿಯಾ ಬೆಳೆದಿತ್ತು. ನಾನು 4 ದಿನ ಔಷಧ ಬದಲಿಸುತ್ತಾ ಕೂತೆ. ಹೊಟ್ಟೆ ಮೃದುವಾಗಿದೆ ಅಂತ ಅತ್ತ ಯೋಚಿಸಲೇ ಇಲ್ಲ. ಇ. ಕೊಲೈ ಕರುಳಿನದು, ಅದು ತಲೆಗೆ ಬಂದಿದೆ ಅಂದರೆ ದಾರಿ ಎಲ್ಲಿಂದ ಅಂತ ಮೊದಲ ದಿನವೇ ಕೇಳಿಕೊಳ್ಳಬೇಕಿತ್ತು. ಆ 4 ದಿನ ನನಗೆ ಇವತ್ತಿಗೂ ನೋವು ಕೊಡುತ್ತವೆ.

ಈ ಸಲ ತಾಯಿಗೆ ಮೊದಲು ಹೇಳಿದ್ದು, "ಮತ್ತೆ ಕಂಡರೆ ಎಳೆಯಬೇಡಿ, ಒಳಗೆ ತಳ್ಳಲೂಬೇಡಿ. ಸ್ವಚ್ಛ ಬಟ್ಟೆ ಮುಚ್ಚಿ ನಮ್ಮನ್ನು ಕರೀರಿ." ತಲೆಯಿಂದ ಸೊಂಟದವರೆಗೆ ಎಕ್ಸ್‌ರೇ ತೆಗೆಸಿದೆ, ಟ್ಯೂಬ್ ಗುದದ ಹತ್ತಿರದವರೆಗೆ ಇಳಿದಿತ್ತು. ನೀರಿನ ಹರಿವು ನಿಯಂತ್ರಿಸುವ ಶಂಟ್‌ನ ವಾಲ್ವ್‌ನಿಂದ ತೆಗೆದ ನೀರು ಸ್ವಲ್ಪ ಮಬ್ಬಾಗಿತ್ತು. ಸೂಕ್ಷ್ಮಜೀವಿ ಬೆಳೆಯುತ್ತದೆಯೇ ನೋಡಲು ಕಲ್ಚರ್‌ಗೆ ಕಳಿಸಿ, ಫಲಿತಾಂಶಕ್ಕೆ ಕಾಯದೆ ಆಂಟಿಬಯಾಟಿಕ್ ಶುರು ಮಾಡಿದೆವು.

ಆಪರೇಷನ್‌ನಲ್ಲಿ ನಾನು ಬಿಡದೆ ಪಾಲಿಸುವುದು ಒಂದೇ ಕ್ರಮ. ಹೊಟ್ಟೆಯ ಮೇಲೆ ಟ್ಯೂಬ್ ಒಳಗೆ ಇಳಿಯುವ ಜಾಗದಲ್ಲಿ ಸಣ್ಣ ಗಾಯ ಮಾಡಿ ಅಲ್ಲೇ ಕತ್ತರಿಸುವುದು. ಮೇಲಿನ ತುಂಡು ಮೇಲಿನಿಂದ, ಕೆಳಗಿನ ತುಂಡು ಗುದದ ಮೂಲಕ. ಇಡೀ ಟ್ಯೂಬನ್ನು ಮೇಲಿನಿಂದ ಎಳೆದರೆ ಮಲದಲ್ಲಿದ್ದ ತುದಿ ಹೊಟ್ಟೆ, ಎದೆ, ಕತ್ತು ಎಲ್ಲ ದಾಟಿ ಬರುತ್ತದೆ. ಮೆದುಳಿನಲ್ಲಿದ್ದ ತುಂಡನ್ನು ಮಾತ್ರ ಬಹಳ ನಿಧಾನವಾಗಿ ತೆಗೆದೆ, ಒಳಗಿನ ರಕ್ತನಾಳಗಳು ಅಂಟಿಕೊಂಡಿದ್ದರೆ ರಕ್ತ ಬರುತ್ತದೆ. ಅದರ ಬದಲು ನೀರು ಹೊರಗಿನ ಚೀಲಕ್ಕೆ ಹರಿಯುವಂತೆ ಡ್ರೇನ್ ಇಟ್ಟೆ. ಕೆಳಗೆ ಬೇರೆಯೇ ಗ್ಲೌಸ್ ಹಾಕಿದ್ದ ಸಹಾಯಕರು ಹಗುರವಾಗಿ ಎಳೆದರು, ಸುಲಭವಾಗಿ ಬಂತು. ಹೊಟ್ಟೆ ತೆರೆಯಲಿಲ್ಲ, ಅಷ್ಟು ಸಣ್ಣ ತೂತು ತಾನಾಗೇ ಮುಚ್ಚಿಕೊಳ್ಳುತ್ತದೆ. ಹೊಟ್ಟೆ ಗಟ್ಟಿಯಾಗಿದ್ದರೆ, ಒಳಗೆ ಕೀವು ಇದ್ದರೆ, ಟ್ಯೂಬ್ ಸಿಕ್ಕಿಕೊಂಡಿದ್ದರೆ ತೆರೆಯಲೇಬೇಕು.

ಕಷ್ಟವಾಗಿದ್ದು ಆಮೇಲಿನ 3 ವಾರ. ಚೀಲದ ಎತ್ತರ ಮಗುವಿನ ಕಿವಿಯ ಮಟ್ಟಕ್ಕೆ ಲೆಕ್ಕ ಹಾಕಿ ಇಡಬೇಕು, ಜಾಸ್ತಿ ಕೆಳಗಾದರೆ ನೀರು ಒಮ್ಮೆಲೇ ಹರಿದು ಮೆದುಳಿನ ಸುತ್ತ ರಕ್ತಸ್ರಾವ ಆಗಬಹುದು. 14 ತಿಂಗಳ ಮಗು ಸುಮ್ನೆ ಮಲಗಿರುತ್ತದೆಯೇ? ಎತ್ತಿಕೊಳ್ಳುವ ಮುಂಚೆ ಕ್ಲಾಂಪ್ ಹಾಕಿ, ಮಲಗಿಸಿದ ಮೇಲೆ ಮಟ್ಟ ನೋಡಿ ತೆಗೆಯುವುದನ್ನು ತಾಯಿಗೇ ಕಲಿಸಿದೆವು. ಎರಡನೇ ದಿನಕ್ಕೆ ಅವರು ನಮ್ಮ ಹೊಸ ನರ್ಸ್‌ಗಳಿಗಿಂತ ಜಾಗರೂಕರಾಗಿದ್ದರು. ಕಲ್ಚರ್‌ನಲ್ಲಿ ಇ. ಕೊಲೈ ಬಂದಿತ್ತು. ಬೇರೆ ಬೇರೆ ದಿನ ಕಳಿಸಿದ 3 ಮಾದರಿಗಳು ಸಾಲಾಗಿ ಸ್ವಚ್ಛ ಬರುವವರೆಗೆ ಹೊಸ ಶಂಟ್ ಹಾಕಲು ನಾನು ಒಪ್ಪಲಿಲ್ಲ, ಮನೆಗೆ ಹೋಗುವ ಆತುರ ಅವರಿಗೆ ಎಷ್ಟಿದ್ದರೂ.

ಹೊಸದನ್ನು ಎಡಗಡೆಯಿಂದ ಹಾಕಿದೆ, ಹಳೆಯ ದಾರಿ ಮುಟ್ಟಲಿಲ್ಲ. ಹೊಟ್ಟೆಯೊಳಗೆ ಕರುಳು, ಪೊರೆ ಒಂದಕ್ಕೊಂದು ಅಂಟಿಕೊಂಡಿದ್ದರೆ ತುದಿಯನ್ನು ಹೃದಯದ ಮೇಲಿನ ಕೋಣೆಗೆ ಬಿಡಬೇಕಾಗಬಹುದು ಅಂತ ಮೊದಲೇ ಹೇಳಿದ್ದೆ. ಬೇಕಾಗಲಿಲ್ಲ. ಹೊಟ್ಟೆಯ ಪೊರೆ ಚೆನ್ನಾಗಿತ್ತು, ಟ್ಯೂಬ್ ಸಲೀಸಾಗಿ ಜಾರಿತು, ತುದಿಯಿಂದ ನೀರು ಹನಿಹನಿಯಾಗಿ ಬೀಳುವುದನ್ನು ಕಣ್ಣಾರೆ ನೋಡಿಯೇ ಗಾಯ ಹೊಲಿದೆ.