ಮರ್ಮರ್ ಕೇಳುವಾಗ ನಾನು ಅನುಸರಿಸುವ ಕ್ರಮ

ಹೃದಯದಲ್ಲಿ ರಕ್ತ ಸುಳಿಸುತ್ತಿ ಹರಿಯುವಾಗ, ಬಡಿತದ 'ಲಬ್-ಡಬ್' ಸದ್ದುಗಳ ಜೊತೆಗೆ ಕೇಳುವ ಹೆಚ್ಚುವರಿ ಸದ್ದೇ ಮರ್ಮರ್. ಸ್ಟೆತಸ್ಕೋಪ್ ಎದೆಗಿಡುವ ಮೊದಲು ಫ್ಯಾನ್ ಆರಿಸುತ್ತೇನೆ. ಮೊದಲ ದರ್ಜೆಯ, ಅಂದರೆ ಅತಿ ಮೆಲ್ಲಗಿನ ಮರ್ಮರ್ ಫ್ಯಾನಿನ ಸದ್ದಿನಲ್ಲೇ ಮುಳುಗಿಹೋಗುತ್ತದೆ. ಬಟ್ಟೆಯ ಮೇಲಿಂದಲೂ ಕೇಳುವುದಿಲ್ಲ, ಬಟ್ಟೆ ಉಜ್ಜುವ ಸದ್ದು ದಾರಿ ತಪ್ಪಿಸುತ್ತದೆ.

ಎಡಗೈ ಬೆರಳು ಕುತ್ತಿಗೆಯ ನಾಡಿಯ ಮೇಲಿರಬೇಕು. ಮುಂಗೈ ನಾಡಿ ತಡವಾಗಿ ಬಡಿಯುವುದರಿಂದ ಇಲ್ಲಿ ನಂಬುವಂತಿಲ್ಲ. ಕುತ್ತಿಗೆಯ ನಾಡಿ ಏಳುವಾಗ, ಅಂದರೆ ಲಬ್ ಮತ್ತು ಡಬ್ ನಡುವೆ ಕೇಳಿದರೆ ಸಿಸ್ಟೋಲಿಕ್ (ಹೃದಯ ಕುಗ್ಗುವಾಗಿನದು). ಡಬ್ ಆದಮೇಲೆ ಕೇಳಿದರೆ ಡಯಾಸ್ಟೋಲಿಕ್ (ಹೃದಯ ಹಿಗ್ಗುವಾಗಿನದು). ಎರಡನೆಯದು ಎಷ್ಟೇ ಮೆಲ್ಲಗಿರಲಿ, ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸದೆ ಬಿಡುವುದಿಲ್ಲ.

ಮಲಗಿಸಿ ಒಮ್ಮೆ ಕೇಳಿದರೆ ಮುಖ್ಯವಾದ ಎರಡು ಮರ್ಮರ್ ತಪ್ಪಿಹೋಗುತ್ತವೆ. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ಕಿರಿದಾಗಿದ್ದರೆ ಕೇಳುವ ಗುಡುಗುಡು ಸದ್ದು ತೀರಾ ತಗ್ಗು ಸ್ವರದ್ದು. ಎಡಮಗ್ಗುಲಿಗೆ ಹೊರಳಿಸಿ, ಹೃದಯದ ತುದಿ ಬಡಿಯುವ ಜಾಗದಲ್ಲಿ ಸ್ಟೆತಸ್ಕೋಪಿನ ಬಟ್ಟಲಿನಂಥ ಬದಿಯನ್ನು (ಬೆಲ್) ಹಗುರವಾಗಿ ಇಡಬೇಕು. ಒತ್ತಿದರೆ ಚರ್ಮವೇ ಬಿಗಿದು ಡಯಾಫ್ರಾಮ್ (ಸ್ಟೆತಸ್ಕೋಪಿನ ಚಪ್ಪಟೆ ಬದಿಯ ಪೊರೆ) ಆಗಿಬಿಡುತ್ತದೆ, ಸದ್ದು ಮಾಯ. ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯ ಕವಾಟ ಸೋರುತ್ತಿದ್ದರೆ ಇದಕ್ಕೆ ತದ್ವಿರುದ್ಧ: ಕೂರಿಸಿ, ಮುಂದಕ್ಕೆ ಬಾಗಿಸಿ, ಉಸಿರು ಪೂರ್ತಿ ಬಿಟ್ಟು ಹಿಡಿಯಲು ಹೇಳಿ, ಎದೆಮೂಳೆಯ ಎಡ ಅಂಚಿನಲ್ಲಿ ಡಯಾಫ್ರಾಮನ್ನು ಗಟ್ಟಿಯಾಗಿ ಒತ್ತುತ್ತೇನೆ.

ಆಮೇಲೆ ಎಬ್ಬಿಸಿ ನಿಲ್ಲಿಸುತ್ತೇನೆ. ನಿಂತಾಗ ಹೆಚ್ಚಿನ ಸಿಸ್ಟೋಲಿಕ್ ಮರ್ಮರ್‌ಗಳು ತಗ್ಗುತ್ತವೆ. ಜೋರಾದರೆ ಹೃದಯದ ಸ್ನಾಯು ದಪ್ಪವಾಗುವ ಎಚ್‌ಸಿಎಂ ಕಾಯಿಲೆ ಇರಬಹುದೆಂದು ಅನುಮಾನ. ಮಕ್ಕಳಲ್ಲಿ ತಂತಿ ಮಿಡಿದಂತೆ ಕೇಳಿ, ನಿಂತಾಗ ಕುಗ್ಗುವ ಮೆಲುಸದ್ದು ಸಾಮಾನ್ಯವಾಗಿ ನಿರುಪದ್ರವಿ. ಜ್ವರ, ರಕ್ತಹೀನತೆ ಇದ್ದಾಗಲೂ ಮರ್ಮರ್ ಹುಟ್ಟೀತು. ಅವು ವಾಸಿಯಾದ ಮೇಲೆ ಮತ್ತೊಮ್ಮೆ ಕೇಳಬೇಕು.

ಸದ್ದಿನ ಜೋರನ್ನು 6 ದರ್ಜೆಗಳಲ್ಲಿ ಬರೆಯುತ್ತೇವೆ, 4ರಿಂದ ಮೇಲೆ ಅಂಗೈಗೂ ಕಂಪನ ಸಿಗುತ್ತದೆ. ಆದರೆ ಜೋರಿದ್ದ ಮಾತ್ರಕ್ಕೆ ಕಾಯಿಲೆ ದೊಡ್ಡದಲ್ಲ. ಕೆಳ ಕೋಣೆಗಳ ನಡುವಿನ ಸಣ್ಣ ರಂಧ್ರವೇ ಹೆಚ್ಚು ಅಬ್ಬರಿಸುತ್ತದೆ. ಹೃದಯ ಸೋತವರಲ್ಲಿ ತೀವ್ರವಾಗಿ ಕಿರಿದಾದ ಮಹಾಪಧಮನಿ ಕವಾಟವೂ ಪಿಸುಗುಟ್ಟೀತು. ಅಲ್ಲಿ ನಾನು ನೋಡುವುದು ಡಬ್ ಮಸುಕಾಗಿದೆಯೇ, ಮರ್ಮರ್‌ನ ಏರು ತಡವಾಗಿದೆಯೇ, ಕುತ್ತಿಗೆಯ ನಾಡಿ ನಿಧಾನವಾಗಿ ಏಳುತ್ತಿದೆಯೇ ಎಂದು.

ಎಕೋ ವರದಿಯಲ್ಲಿ 'ಟ್ರಿವಿಯಲ್ ಟಿಆರ್' (ಹೃದಯದ ಬಲಭಾಗದ ಟ್ರೈಕಸ್ಪಿಡ್ ಕವಾಟದ ಅತ್ಯಲ್ಪ ಸೋರಿಕೆ) ಎಂದಿದ್ದರೆ ಗಾಬರಿ ಬೇಡ, ಆರೋಗ್ಯವಂತರಲ್ಲೂ ಅದು ಸಾಮಾನ್ಯ. ಮಹಾಪಧಮನಿ ಕವಾಟದಲ್ಲಿ ರಕ್ತದ ವೇಗ ಸೆಕೆಂಡಿಗೆ 4 ಮೀಟರ್ ಮುಟ್ಟಿದರೆ ಕಿರಿದಾಗಿರುವುದು ತೀವ್ರ ಎಂದರ್ಥ. ಎಕೋದಲ್ಲಿ ಈ ವೇಗ ಅಳೆಯುವ ಡಾಪ್ಲರ್ ಕಿರಣ ರಕ್ತದ ಹರಿವಿಗೆ ಓರೆಯಾಗಿದ್ದರೆ ಈ ಅಂಕಿ ಕಡಿಮೆ ಬರುತ್ತದೆ. ಹಾಗಾಗಿ ಡಬ್ ಮಸುಕಾಗಿದ್ದೂ ವರದಿ 'ಮೈಲ್ಡ್' ಅಂದರೆ, ಎದೆಮೂಳೆಯ ಬಲಬದಿಯಿಂದಲೂ ಅಳೆಯಿರಿ ಎಂದು ಬರೆದು ವಾಪಸ್ ಕಳಿಸುತ್ತೇನೆ.